ಒಂದೇ ಬೆಕ್ಕಿಗೆ ತೆರೆಯುವ ಬಾಗಿಲು

ನಮ್ಮ ಅತ್ತೆಯವರ ಕಣ್ಣು ಒಮ್ಮೆಲೇ ಹೋಗಲಿಲ್ಲ. ಮೊದಲು ಪಕ್ಕಕ್ಕೆ ನಿಂತವರು ಕಾಣದಾದರು, ಕೆಲವು ವರ್ಷಗಳ ನಂತರ ಎದುರಿಗೆ ನಿಂತವರೂ ಕಾಣದಾದರು. ಕಾಚಬಿಂದು, ಅಂದರೆ ಗ್ಲಾಕೋಮಾ, ಎಂದು ಡಾಕ್ಟರು ಹೇಳುವ ಹೊತ್ತಿಗೆ ತಡವಾಗಿತ್ತು. ಈಗ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದಷ್ಟೇ ಅವರಿಗೆ ತಿಳಿಯುತ್ತದೆ. ಆದರೆ ಗೋಕಾಕಿನ ನಮ್ಮ ಮನೆಗೆ ಹೊಸಬರು ಯಾರಾದರೂ ಬಂದರೆ ಅರ್ಧ ಗಂಟೆಯವರೆಗೂ ಅವರಿಗೆ ಈ ವಿಷಯ ಗೊತ್ತಾಗುವುದಿಲ್ಲ. ಅತ್ತೆ ಎದ್ದು ನೀರು ತಂದುಕೊಡುತ್ತಾರೆ, ಎದುರಿಗೆ ಕುಳಿತು ಮುಖ ನೋಡಿಯೇ ಮಾತನಾಡುತ್ತಾರೆ, ಬಂದವರು ಏಳಲು ಕಾಲು ಸರಿಸಿದ ಕೂಡಲೇ "ಚಾ ಕುಡದ ಹೋಗ್ರಿ" ಎನ್ನುತ್ತಾರೆ.

ನಾನು ಮೂಡಲಗಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ನನ್ನ ಗಂಡ ಹುಕ್ಕೇರಿಯ ಕಚೇರಿಯೊಂದರಲ್ಲಿ ಗುಮಾಸ್ತರು. ಬೆಳಿಗ್ಗೆ ಒಬ್ಬರು ಮೂಡಣದ ಬಸ್ಸು ಹಿಡಿದರೆ ಇನ್ನೊಬ್ಬರು ಪಡುವಣದ ಬಸ್ಸು ಹಿಡಿಯುತ್ತೇವೆ. ಸಂಜೆಯವರೆಗೆ ಅತ್ತೆಯ ಜೊತೆಗೆ ಇರುವುದು ಅವರ ಬೆಕ್ಕು.

ಅದು ಹಿತ್ತಲಿನ ಕಟ್ಟಿಗೆ ರಾಶಿಯಲ್ಲಿ ತಾಯಿ ಬಿಟ್ಟುಹೋದ ಮರಿಯಾಗಿತ್ತು. ಬಿಳಿ ಮೈ, ಬೆನ್ನ ಮೇಲೆ ಅರಿಶಿನ ಬಣ್ಣದ ಎರಡು ಮಚ್ಚೆ. ಅತ್ತೆ ಆ ಬಣ್ಣವನ್ನು ಕಂಡಿಲ್ಲ, ನಾನು ಹೇಳಿದ್ದನ್ನೇ ಬಂದವರಿಗೆಲ್ಲ ಹೇಳುತ್ತಾರೆ. ಹೆಸರೆಂದು ಏನೂ ಇಟ್ಟಿಲ್ಲ, "ತಂಗಿ" ಎಂದು ಕರೆದರೆ ಓಡಿ ಬರುತ್ತದೆ. ಬೆಳಗಿನ ಲಿಂಗಪೂಜೆಗೆ ಕುಳಿತಾಗ ಅವರ ಮೊಳಕಾಲಿಗೆ ಮೈಯೊತ್ತಿ ಕೂರುತ್ತದೆ, ಪೂಜೆ ಮುಗಿಯುವವರೆಗೆ ಅಲ್ಲಾಡುವುದಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಸಿಗುವುದು ಹಾಲು ರೊಟ್ಟಿ. ಮಿಕ್ಕ ಊಟದ ವ್ಯವಹಾರವನ್ನೆಲ್ಲ ಅದು ಹೊರಗೆ ಮುಗಿಸಿಕೊಂಡು, ಬಾಯಿ ಮುಖ ನೆಕ್ಕಿ ಸ್ವಚ್ಛ ಮಾಡಿಕೊಂಡು ಒಳಗೆ ಬರುತ್ತದೆ. ಈ ಶಿಸ್ತಿನ ಬಗ್ಗೆ ಅತ್ತೆಗೆ ಬಹಳ ಅಭಿಮಾನ. ಹಾಗಾಗಿ ಅದು ಹಗಲಲ್ಲಿ ಹತ್ತಾರು ಸಲ ಹೊರಗೆ ಹೋಗಬೇಕು, ಹತ್ತಾರು ಸಲ ಒಳಗೆ ಬರಬೇಕು. ಅದಕ್ಕಾಗಿ ಹಿತ್ತಲ ಬಾಗಿಲಿಗೆ ಇಟ್ಟಂಗಿಯೊಂದನ್ನು ಅಡ್ಡ ಇಟ್ಟು, ಅಂಗೈ ಅಗಲ ತೆರೆದೇ ಬಿಟ್ಟಿರುತ್ತಿದ್ದೆವು.

ಅಂಗೈ ಅಗಲದಲ್ಲಿ ಒಂದೇ ಬೆಕ್ಕು ಬರಬೇಕೆಂದು ಎಲ್ಲೂ ಬರೆದಿರುವುದಿಲ್ಲ. ಓಣಿಯ ಹಿಟ್ಟಿನ ಗಿರಣಿಯವರ ಕಪ್ಪು ಬೆಕ್ಕು ಬರುತ್ತಿತ್ತು. ಹಿತ್ತಲಿಗೆ ಹೊಂದಿಕೊಂಡ ಮನೆಯಲ್ಲಿ ಹೊಲಿಗೆ ಕೆಲಸ ಮಾಡುವ ಹೆಣ್ಣುಮಗಳಿದ್ದಾರೆ, ಅವರ ಎಳೆಯ ಬೂದು ಬೆಕ್ಕು ಬರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಯಾರ ಮನೆಯದೂ ಅಲ್ಲದ, ಕಿವಿ ಹರಿದ ಒಂದು ದೊಡ್ಡ ಗಂಡು ಬೆಕ್ಕು ಬರುತ್ತಿತ್ತು. ಅತ್ತೆ ಮೂರನ್ನೂ ಹೆಜ್ಜೆಯಿಂದಲೇ ಗುರುತಿಸುತ್ತಿದ್ದರು. ಒಂದು ದಿನ ನನಗೆ ಹೇಳಿದರು, "ಗಿರಣಿಯವರ ಬೆಕ್ಕ ಕುಂಟತೈತಿ ನೋಡವಾ, ಹಿಂದಿನ ಎಡಗಾಲ. ಹೆಜ್ಜಿ ಮೂರ ಬಿದ್ದ ಮ್ಯಾಲ ನಾಕನೇದು ಸ್ವಲ್ಪ ತಡಾ." ನಾನು ಅದನ್ನು ಎರಡು ವರ್ಷದಿಂದ ಕಣ್ಣಾರೆ ನೋಡುತ್ತಿದ್ದೆ, ಕುಂಟುವುದು ಕಂಡಿರಲಿಲ್ಲ. ಆ ಸಂಜೆ ಗಿರಣಿಯ ಮುಂದೆ ನಿಂತು ನೋಡಿದೆ. ಹಿಂದಿನ ಎಡಗಾಲನ್ನು ಅದು ತುಸು ಎಳೆಯುತ್ತಿತ್ತು.

ಒಂದು ಮಧ್ಯಾಹ್ನ ಆ ಗಂಡು ಬೆಕ್ಕು ಮಜ್ಜಿಗೆಯ ಪಾತ್ರೆ ಉರುಳಿಸಿತು. ಸಪ್ಪಳ ಕೇಳಿ ಎದ್ದುಹೋದ ಅತ್ತೆ ಮಜ್ಜಿಗೆಯಲ್ಲಿ ಕಾಲು ಜಾರಿ ಬಿದ್ದರು. ಬಲಗೈ ಮಣಿಕಟ್ಟಿನ ಎಲುಬು ಬಿರಿಯಿತು. ಹೊಲಿಗೆಯ ಹೆಣ್ಣುಮಗಳೇ ಓಡಿಬಂದು, ರಿಕ್ಷಾ ಹಿಡಿದು ದವಾಖಾನೆಗೆ ಕರೆದುಕೊಂಡು ಹೋಗಿ ನಮಗೆ ಫೋನ್ ಮಾಡಿದರು. ನಾನು ಮೂಡಲಗಿಯಿಂದ ಬರುವಷ್ಟರಲ್ಲಿ ಮೊಣಕೈವರೆಗೆ ಪ್ಲಾಸ್ಟರ್ ಹಾಕಿಯಾಗಿತ್ತು.

ನನ್ನ ಗಂಡ ಅಂದೇ ಇಟ್ಟಂಗಿ ತೆಗೆದು ಬಾಗಿಲು ಹಾಕಿದರು. "ಯವ್ವಾ, ಇನ್ನ ಮುಂದ ಹಿಂದಿನ ಬಾಗ್ಲಾ ತೆರದಿಡಾಂಗಿಲ್ಲ. ಬೆಕ್ಕ ಹೊರಗಿದ್ರ ಹೊರಗ, ಒಳಗಿದ್ರ ಒಳಗ" ಎಂದರು. ಅತ್ತೆ ವಾದ ಮಾಡಲಿಲ್ಲ. "ಆತಪಾ" ಎಂದರು, ಅಷ್ಟೇ.

ಎರಡು ವಾರದ ನಂತರ ಪರೀಕ್ಷೆಯ ದಿನಗಳಲ್ಲಿ ಶಾಲೆ ಬೇಗ ಬಿಟ್ಟು, ನಾನು ಮಧ್ಯಾಹ್ನವೇ ಮನೆಗೆ ಬಂದೆ. ಅತ್ತೆ ಹಿತ್ತಲ ಬಾಗಿಲಿನ ಹತ್ತಿರ ಮಣೆ ಹಾಕಿಕೊಂಡು ಕುಳಿತಿದ್ದರು. ಪ್ಲಾಸ್ಟರಿನ ಕೈ ತೊಡೆಯ ಮೇಲೆ, ಎಡಗೈ ಹೊಸ್ತಿಲ ಮೇಲೆ.

"ಇಲ್ಲ್ಯಾಕ ಕುಂತೀರಿ ಅತ್ತಿ?" ಎಂದು ಕೇಳಿದೆ.

"ಅದು ಬಂದ ಕೆರಿತೈತಿ, ತೆಗೀತೇನಿ. ಹೋಗಬೇಕಂತೈತಿ, ತೆಗೀತೇನಿ. ಹೋಗಿ ಬಂದ ಮಾಡೂದಕ್ಕಿಂತ ಇಲ್ಲೇ ಕುಂತರ ಛಲೋ ಅನಿಸ್ತು."

"ದಿನಾ ಹಿಂಗ ಕುಂದರತೀರೇನ್ರಿ?"

ಮಣೆಯ ಬಳಿ ನೀರಿನ ತಂಬಿಗೆ, ಔಷಧದ ಡಬ್ಬಿ, ರೇಡಿಯೋ ಎಲ್ಲ ಇದ್ದವು. ಎರಡು ವಾರದಿಂದ ಅವರ ಸಂಸಾರ ಆ ಬಾಗಿಲಿನ ಬುಡದಲ್ಲೇ ನಡೆದಿತ್ತು. ನನಗೆ ನಾಚಿಕೆಯಾಯಿತು.

ಮರುದಿನ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಟೀಚರ್ ಮುಂದೆ ಇದನ್ನು ಹೇಳಿಕೊಂಡೆ. ಅವರು ಬೆಕ್ಕು ಸಾಕಿದವರಲ್ಲ, ಆದರೆ ಯಾವ ಸಮಸ್ಯೆಯನ್ನೂ ಸುಮ್ಮನೆ ಬಿಡುವವರೂ ಅಲ್ಲ. ಊಟದ ಡಬ್ಬಿ ಬದಿಗಿಟ್ಟು ಮೊಬೈಲಿನಲ್ಲಿ ಹುಡುಕಿ, ಬಾಗಿಲಿನ ಬುಡದಲ್ಲಿ ಕೂರಿಸುವ ಸಣ್ಣ ತೂಗುಬಾಗಿಲುಗಳ ಚಿತ್ರ ತೋರಿಸಿದರು. ಮೂರು ಬಗೆಯವು ಇದ್ದವು. ಒಂದು ಸಾದಾ, ಯಾವ ಬೆಕ್ಕು ದೂಡಿದರೂ ತೆರೆಯುವಂಥದ್ದು. ಇನ್ನೊಂದು, ಬೆಕ್ಕಿನ ಕೊರಳಪಟ್ಟಿಯಲ್ಲಿ ಆಯಸ್ಕಾಂತ ಇದ್ದರೆ ಮಾತ್ರ ತೆರೆಯುವಂಥದ್ದು. ಮೂರನೆಯದು, ಬೆಕ್ಕಿನ ಚರ್ಮದಡಿ ಅಕ್ಕಿಕಾಳಿನಷ್ಟು ಸಣ್ಣ ಚಿಪ್ ಸೇರಿಸಿ, ಅದರ ನಂಬರು ಓದಿ ಬೀಗ ತೆಗೆಯುವಂಥದ್ದು.

"ನಿಮ್ಮ ಮನಿ ಬೆಕ್ಕಿಗೆ ಮೊದಲ ದೂಡಾಕ ಬರತೈತೋ ಇಲ್ಲೋ ನೋಡ್ರಿ. ಸಾದಾದ್ದರಲೆ ಶುರು ಮಾಡ್ರಿ" ಎಂದರು ಅವರು. ಹೇಳಿದ್ದು ಸರಿಯೆನಿಸಿತು. ತರಿಸಿದೆ.

ಪ್ಲಾಸ್ಟಿಕ್ಕಿನ ತೂಗುಬಾಗಿಲು ಪೆಟ್ಟಿಗೆಯಲ್ಲಿ ಬಂತು. ನನ್ನ ಗಂಡ ಒಂದು ಭಾನುವಾರವೆಲ್ಲ ಕೂತು ಹಿತ್ತಲ ಬಾಗಿಲಿನ ಕೆಳಗಿನ ಹಲಗೆ ಕೊರೆದು ಅದನ್ನು ಕೂರಿಸಿದರು. ನಮ್ಮ ಬೆಕ್ಕು ಅದನ್ನು ಐದು ದಿನ ಮುಟ್ಟಲಿಲ್ಲ. ಹತ್ತಿರ ಬಂದು ಕೂತು, ಅದರೊಳಗಿಂದ ಹಿತ್ತಲನ್ನು ನೋಡಿ, ಹಳೆಯ ಅಭ್ಯಾಸದಂತೆ ಅತ್ತೆಯನ್ನು ಕೂಗುತ್ತಿತ್ತು. ಗಂಡು ಬೆಕ್ಕು ಮಾತ್ರ ಎರಡನೆಯ ದಿನವೇ ತಲೆಯಿಂದ ದೂಡಿ ಒಳಗೆ ಬಂತು. ಮೂರನೆಯ ದಿನ ಗಿರಣಿಯವರದು, ನಾಲ್ಕನೆಯ ದಿನ ಬೂದು ಬೆಕ್ಕು. ಅವು ಬಂದು ಹೋಗುವುದನ್ನು ನೋಡಿಯೇ ನಮ್ಮದು ಕೊನೆಗೆ ಕಲಿತದ್ದು.

"ಊರಾನ ಬೆಕ್ಕಿಗೆಲ್ಲಾ ಬಾಗ್ಲಾ ಮಾಡಿಸಿ ಕೊಟ್ಟಂಗ ಆತ ನೋಡ" ಎಂದು ಅತ್ತೆ ನಕ್ಕರು. ನನ್ನ ಗಂಡ ನಗಲಿಲ್ಲ. ಆ ಸಣ್ಣ ಬಾಗಿಲಿಗೆ ಒಳಗಿನಿಂದ ಹಲಗೆ ಬಡಿದರು. ಅತ್ತೆ ಮತ್ತೆ ಮಣೆ ಹಾಕಿಕೊಂಡು ಕುಳಿತರು.

ಇನ್ನು ಚಿಪ್ ಓದುವ ಬಾಗಿಲು ಎಂದುಕೊಂಡೆ. ನನ್ನ ಗಂಡ ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಕೊಂಡು ಹುಕ್ಕೇರಿಯ ಪಶು ವೈದ್ಯರ ಬಳಿ ಹೋದರು. ಅಲ್ಲಿನ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಆ ದಿನವೆಲ್ಲ ಎಮ್ಮೆಗಳ ಸರದಿ, ನಡುವೆ ಈ ಬುಟ್ಟಿ. ಅವರು ಬೆಕ್ಕಿನ ಕಣ್ಣು, ಹಲ್ಲು, ಹೊಟ್ಟೆ ಎಲ್ಲ ನೋಡಿ, ಚಿಪ್ ಅನ್ನು ಬೆಳಗಾವಿಯಿಂದ ತರಿಸಬಹುದು, ಹಾಕಲು ತುಸು ದಪ್ಪ ಸೂಜಿ ಬೇಕಾಗುತ್ತದೆ, ಅಪಾಯವೇನೂ ಇಲ್ಲ ಎಂದರು. ಬಾಗಿಲು ಕೆಟ್ಟರೆ ಈ ಭಾಗದಲ್ಲಿ ರಿಪೇರಿ ಮಾಡುವವರು ಸಿಗುತ್ತಾರೋ ಇಲ್ಲವೋ, ಅದನ್ನೂ ಯೋಚಿಸಿರಿ ಎಂದು ತಾವಾಗಿಯೇ ಹೇಳಿದರು.

ಸಂಜೆ ನನ್ನ ಗಂಡ ಮನೆಗೆ ಬಂದು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅತ್ತೆ ಒಂದೇ ಪ್ರಶ್ನೆ ಕೇಳಿದರು. "ಆ ಬಾಗ್ಲದಾಗಿನ ಬ್ಯಾಟರಿ ಮುಗದ್ರ ನನಗ ಹೆಂಗ ಗೊತ್ತಾಕ್ಕೈತಿ?"

"ಕೆಂಪ ದೀಪ ಹತ್ತತೈತಂತ, ಯವ್ವಾ" ಎಂದರು ನನ್ನ ಗಂಡ.

"ಕೆಂಪ ದೀಪ ನೀವು ನೋಡವರು. ನೀವಿಬ್ಬರೂ ಹೊರಗಿರ್ತೀರಿ. ನನಗ ಸಪ್ಪಳ ಮಾಡೂ ಬಾಗ್ಲಾ ಬೇಕಪಾ" ಎಂದರು ಅತ್ತೆ.

ನಮಗೆ ಎಂಥ ಬಾಗಿಲು ಬೇಕೆಂಬುದು ಆ ಮಾತಿನಿಂದ ನಿರ್ಧಾರವಾಯಿತು. ಉಳಿದದ್ದು ಬ್ಯಾಟರಿಯಿಲ್ಲದ ಆಯಸ್ಕಾಂತದ ಬಗೆ. ಆದರೆ ಅದನ್ನು ತರಿಸಿಕೊಂಡವರು ಮೊಬೈಲಿನಲ್ಲಿ ಬರೆದದ್ದನ್ನು ಓದಿದರೆ ಕೆಲವರು ಹೊಗಳಿದ್ದರು, ಕೆಲವರು ತಮ್ಮ ಬೆಕ್ಕೇ ಹೊರಗೆ ಉಳಿಯಿತು ಎಂದು ಬೈದಿದ್ದರು. ಒಮ್ಮೆ ಕೈ ಸುಟ್ಟುಕೊಂಡ ನಮಗೆ ಮತ್ತೊಂದು ಪೆಟ್ಟಿಗೆ ತರಿಸಲು ಧೈರ್ಯ ಬರಲಿಲ್ಲ.

ನನ್ನ ಗಂಡ ಇದನ್ನು ಹುಕ್ಕೇರಿಯಲ್ಲಿ ಚಹಾದ ಹೊತ್ತಿಗೆ ಜೊತೆಯವರಿಗೆ ಹೇಳುತ್ತಿದ್ದರಂತೆ. ಪಕ್ಕದ ಬೆಂಚಿನಲ್ಲಿದ್ದ ಹಿರಿಯರೊಬ್ಬರು ಬಶಿಯಲ್ಲಿ ಚಹಾ ಆರಿಸುತ್ತ, "ಆ ಬೆಕ್ಕ ಎಷ್ಟ ಎತ್ತರ ಐತ್ರಿ?" ಎಂದು ಕೇಳಿದರಂತೆ. ಅವರು ಬಾಗಿಲು ಕಿಟಕಿ ಮಾಡುವ ಬಡಗಿ, ಎಲ್ಲರೂ ಮಿಸ್ತ್ರಿ ಕಾಕಾ ಎಂದು ಕರೆಯುವವರು. ಮನೆ ಬೆಲ್ಲದ ಬಾಗೇವಾಡಿಯಲ್ಲಿ, ಕೆಲಸದ ಶೆಡ್ಡು ಹುಕ್ಕೇರಿಯಲ್ಲಿ. ತಂದೆ, ಅಜ್ಜ ಎಲ್ಲರದೂ ಅದೇ ಕಸುಬು. ಬೆಕ್ಕಿನ ಎತ್ತರ ನನ್ನ ಗಂಡನಿಗೆ ಗೊತ್ತಿರಲಿಲ್ಲ. "ಹಂಗಾದ್ರ ನಾನ ಬಂದ ನೋಡತೇನ್ರಿ" ಎಂದರಂತೆ ಕಾಕಾ.

ಭಾನುವಾರ ಬೆಳಿಗ್ಗೆ ಬಸ್ಸಿಳಿದು ಬಂದರು. ತೆಳ್ಳಗಿನ ಮನುಷ್ಯ, ಬಿಳಿ ಗಡ್ಡ, ಹೆಗಲಿಗೆ ಕ್ಯಾನ್ವಾಸ್ ಚೀಲ. ಚೀಲವನ್ನು ಬಿಚ್ಚುತ್ತಾರೆಂದು ನಾವು ಕಾದೆವು. ಅವರು ಅದನ್ನು ಗೋಡೆಗೆ ಒರಗಿಸಿಟ್ಟು, ಬಡಿದ ಹಲಗೆಯನ್ನು ತೆಗೆಸಿ, ಹಿತ್ತಲಿನ ಬಾದಾಮಿ ಗಿಡದ ಕೆಳಗೆ ಕುಳಿತುಬಿಟ್ಟರು. ಮಧ್ಯಾಹ್ನದವರೆಗೆ ಬೆಕ್ಕುಗಳನ್ನು ನೋಡುತ್ತ ಕುಳಿತೇ ಇದ್ದರು. ಗಂಡು ಬೆಕ್ಕು ಗೋಡೆಯಿಂದ ಇಳಿದು ಬಂದು, ಅವರನ್ನು ನೋಡಿ, ಅಪಾಯವಿಲ್ಲವೆಂದು ತೀರ್ಮಾನಿಸಿ, ತೂಗುಬಾಗಿಲು ದೂಡಿ ಒಳಗೆ ಹೋಗಿ, ನಾನು ಬೇಕೆಂದೇ ಇಟ್ಟ ಹಾಲು ಕುಡಿದು ಹೊರಗೆ ಬಂತು. "ಇವ ಶ್ಯಾಣ್ಯಾ ಇದ್ದಾನ. ಇವನ್ನ ತಡಿಯೂ ಬಾಗ್ಲಾ ಮಾಡಿದ್ರ ಮಾಡಿದಂಗ" ಎಂದರು ಕಾಕಾ, ಬಹಳ ಗೌರವದಿಂದ.

ನಮಾಜಿಗೆ ಹೋಗಿ ಬಂದು, ನಮ್ಮೊಡನೆ ರೊಟ್ಟಿ ಪಲ್ಯ ಊಟ ಮಾಡಿದ ಮೇಲೆ, ಅತ್ತೆಯ ಎದುರಿಗೆ ಕುಳಿತು ಕೇಳಿದರು.

"ಅವ್ವಾರ, ನಿಮ್ಮ ಬೆಕ್ಕ ಹೊರಗಿಂದ ಬಂದ ಮ್ಯಾಲ ಮೊದಲ ಏನ ಮಾಡತೈತ್ರಿ?"

"ಮೊದಲ ನಿಂದರತೈತ್ರಿ. ಮೂಸತೈತಿ. ಆಮ್ಯಾಲ ಗದ್ದ ಹೊಸ್ತಿಲಕ್ಕ ತಿಕ್ಕತೈತಿ, ಎರಡ ಸಲ. ಆಮ್ಯಾಲನ ಒಳಗ ಕಾಲ ಇಡೂದು."

"ಎರಡ ಸಲ ಅಂತ ಹೆಂಗ ಹೇಳತೀರಿ?"

"ನನ್ನ ಕೈ ಅಲ್ಲೇ ಇರತೈತಲ್ರಿ. ಎರಡ ಸಲ ಬೆರಳಿಗೆ ತಾಗತೈತಿ. ಉಳಕಿ ಬೆಕ್ಕ ಹಂಗ ಮಾಡಂಗಿಲ್ಲ, ಸೀದಾ ತಲಿ ಹಾಕತಾವು."

ಕಾಕಾ ಎದ್ದು ಹೋಗಿ ಹೊಸ್ತಿಲನ್ನು ಸವರಿ ನೋಡಿದರು. "ಹಂಗಾದ್ರ ಕೀಲಿ ಹೊಸ್ತಿಲದಾಗ ಇರಬೇಕ್ರಿ, ಬಾಗ್ಲದಾಗ ಅಲ್ಲ" ಎಂದರು. ಆಗ ಚೀಲ ಬಿಚ್ಚಿದರು. ಅಳತೆ ತೆಗೆದುಕೊಂಡು, ಬರುವ ಭಾನುವಾರ ಬರುತ್ತೇನೆಂದು ಹೇಳಿ ಹೊರಟರು.

ಮುಂದಿನ ವಾರ ಅವರು ತಂದ ವಸ್ತುವನ್ನು ನಾನು ಎಷ್ಟು ಹೊತ್ತು ಕೈಯಲ್ಲಿ ಹಿಡಿದು ನೋಡಿದೆನೋ. ಹಳೆಯ ಸಾಗವಾನಿಯ ಚೌಕಟ್ಟು, ಅದರಲ್ಲಿ ಮೇಲಿನಿಂದ ತೂಗುವ ತೆಳು ಹಲಗೆ. ಚೌಕಟ್ಟಿನ ಕೆಳಗಿನ ಪಟ್ಟಿಯಲ್ಲಿ ಕೊರೆದ ಒಂದು ತೋಡು, ತೋಡಿನಲ್ಲಿ ಬೆರಳುದ್ದದ ಒಂದು ಕಡ್ಡಿ ತಕ್ಕಡಿಯ ದಂಡಿಗೆಯ ಹಾಗೆ ನಡುವಿನ ಮೊಳೆಯ ಮೇಲೆ ನಿಂತಿತ್ತು. ಕಡ್ಡಿಯ ಒಳತುದಿ ಮೇಲೆದ್ದು ಬಾಗಿಲಿಗೆ ತಡೆಯಾಗಿ ನಿಲ್ಲುತ್ತದೆ. ಹೊರತುದಿಗೆ ಕಬ್ಬಿಣದ ಚೂರು. ಆಯಸ್ಕಾಂತವಿರುವ ಗದ್ದವೊಂದು ಹೊರಗಿನಿಂದ ಅಲ್ಲಿಗೆ ಬಂದರೆ ಕಬ್ಬಿಣ ಮೇಲೇಳುತ್ತದೆ, ಒಳತುದಿ ಕೆಳಗಿಳಿಯುತ್ತದೆ, ಬಾಗಿಲು ದೂಡಿದರೆ ಒಳಕ್ಕೆ ಸರಿಯುತ್ತದೆ. ಬೆಕ್ಕು ಒಳಗೆ ಬಂದ ಮೇಲೆ ಬಾಗಿಲು ಮರಳಿ ಬಂದು, ತಡೆಯ ಇಳಿಜಾರನ್ನು ಒತ್ತಿ ದಾಟಿ ನಿಲ್ಲುತ್ತದೆ, ತಡೆ ಟಿಕ್ ಎಂದು ಮತ್ತೆ ಮೇಲೇಳುತ್ತದೆ. ಹೊರಗೆ ಹೋಗಲು ಮಾತ್ರ ಯಾವ ತಡೆಯೂ ಇಲ್ಲ. "ತಪ್ಪಿ ಒಳಗ ಸಿಕ್ಕವ ಹೊರಗ ಹೋಗಬೇಕಲ್ರಿ" ಎಂದರು ಕಾಕಾ. ನಾನು ಮೂವತ್ತು ಮಕ್ಕಳಿಗೆ ಸನ್ನೆಕೋಲಿನ ಲೆಕ್ಕ ಬಿಡಿಸಿ ತೋರಿಸಿದವಳು. ಇಷ್ಟು ಸಣ್ಣ, ಇಷ್ಟು ಸರಿಯಾದ ಸನ್ನೆಕೋಲನ್ನು ನೋಡಿರಲಿಲ್ಲ.

ಆಯಸ್ಕಾಂತಕ್ಕೆ ನನ್ನ ಹಳೆಯ ಕೈಚೀಲದ ಗುಂಡಿ ಬಿಚ್ಚಿಕೊಟ್ಟೆ. ಕೊರಳಪಟ್ಟಿಯನ್ನು ಅತ್ತೆಯೇ ಹೊಲಿದರು. ಎಡಗೈಯಲ್ಲಿ ಸೂಜಿ ಹಿಡಿದು, ಪ್ಲಾಸ್ಟರಿನಿಂದ ಹೊರಗಿದ್ದ ಬೆರಳ ತುದಿಯಲ್ಲಿ ಬಟ್ಟೆ ಒತ್ತಿಕೊಂಡು, ಖಣದ ಅಂಚಿನ ಪಟ್ಟಿಯೊಳಗೆ ಗುಂಡಿಯನ್ನು ಮುಚ್ಚಿದರು. ಸೂಜಿಗೆ ದಾರ ಪೋಣಿಸಿದ್ದಷ್ಟೇ ನನ್ನ ಕೆಲಸ. ನಡುವೆ ಎರಡು ಬೆರಳಗಲ ಇಲಾಸ್ಟಿಕ್ ಸೇರಿಸಿದರು. "ಟೊಂಗಿಗೆ ಸಿಕ್ಕೊಂಡ್ರ ಹಗ್ಗಾಗಬಾರದು. ಪಟ್ಟಿ ಹೋದ್ರ ಹೋಗ್ಲಿ, ಕೊಳ್ಳ ಉಳೀಬೇಕು" ಎಂದರು. ಬಾಗಿಲು ಕೂರಿಸಿದ ಮೇಲೆ, ಹೇಳಿದಂತೆಯೇ ಒಂದು ಸಲ ಪಟ್ಟಿ ಹೋಯಿತು. ಬೆಕ್ಕು ಬರಿಗೊರಳಲ್ಲಿ ಬಂದು ಹೊಸ್ತಿಲ ಹೊರಗೆ ಕೂತು ಕೂಗಿತು, ಅತ್ತೆ ಎದ್ದು ದೊಡ್ಡ ಬಾಗಿಲನ್ನೇ ತೆಗೆದರು, ಸಂಜೆಯೊಳಗೆ ಇನ್ನೊಂದು ಪಟ್ಟಿ ಹೊಲಿದರು.

ಹಳೆಯ ಪ್ಲಾಸ್ಟಿಕ್ ತೆಗೆದು ಕಾಕಾ ತಮ್ಮ ಚೌಕಟ್ಟು ಕೂರಿಸಿದ ದಿನ ನಮ್ಮ ಬೆಕ್ಕು ಹಿಂದುಮುಂದು ನೋಡಲಿಲ್ಲ. ಬಂದು ನಿಂತಿತು, ಮೂಸಿತು, ಎರಡು ಸಲ ಗದ್ದ ತಿಕ್ಕಿತು, ತಲೆಯಿಂದ ದೂಡಿತು, ಒಳಗಿತ್ತು. ಅದರ ಹಿಂದೆಯೇ ಟಿಕ್ ಎಂಬ ಸಣ್ಣ ಸಪ್ಪಳ. ಆಮೇಲೆ ಬಂದ ಗಂಡು ಬೆಕ್ಕು ತಲೆಯಿಂದ ದೂಡಿತು, ಕಾಲಿನಿಂದ ಕೆರೆಯಿತು, ಹಿಂದೆ ಸರಿದು ಕೂತು ಬಾಗಿಲನ್ನೇ ನೋಡಿತು. ಗೋಡೆಯ ಆಚೆ ನಿಂತಿದ್ದ ಹೊಲಿಗೆಯ ಹೆಣ್ಣುಮಗಳಿಗೆ ಮಾತ್ರ ಇದು ಹಿಡಿಸಲಿಲ್ಲ. "ಮೂಕ ಪ್ರಾಣಿಗೆ ಕೀಲಿ ಹಾಕೂದಾತೇನ್ರಿ? ನಮ್ಮ ಬೆಕ್ಕ ಅಂತೂ ಕಳವ ಮಾಡೂದಲ್ರಿ" ಎಂದು ಒಳಗೆ ಹೋದರು. ಅತ್ತೆಯನ್ನು ದವಾಖಾನೆಗೆ ಒಯ್ದವರು ಅವರು.

ಹತ್ತು ದಿನ ಎಲ್ಲ ಸರಿಯಿತ್ತು. ಮಳೆ ಹಿಡಿದ ಮೇಲೆ ಒಂದು ಸಂಜೆ ನಾನು ಮನೆಗೆ ಬಂದಾಗ ಅತ್ತೆ ಹೇಳಿದರು, "ಗಂಡ ಬೆಕ್ಕ ಒಳಗ ಬಂದಿತ್ತವಾ. ಮಿಸ್ತ್ರಿಗೆ ಫೋನ್ ಹಚ್ಚ." ಹಚ್ಚಿಕೊಟ್ಟೆ.

"ಕಾಕಾ, ಬಾಗ್ಲದ ಸಪ್ಪಳ ಬದಲಾಗೈತ್ರಿ. ತಂಗಿ ಒಳಗ ಬಂದ ಮ್ಯಾಲ ಎರಡ ಸಪ್ಪಳ ಆಗಬೇಕು. ಒಂದು ಹಲಗಿದು, ಒಂದು ಟಿಕ್ ಅನ್ನೂದು. ಈಗ ಹಲಗಿದ ಅಷ್ಟ ಕೇಳತೈತಿ."

"ಹಲಗಿ ಹೆಂಗ ನಿಂದರತೈತ್ರಿ ಅವ್ವಾರ, ಬಡದೋ ಮೆತ್ತಗೋ?"

"ಮೆತ್ತಗ್ರಿ. ಏನೋ ಮ್ಯಾಲ ಒರಗಿದಂಗ."

"ನನ್ನ ತಪ್ರಿ. ಹಲಗಿ ಭಾಳ ಹಗರ ಮಾಡೇನಿ. ಮಳಿಗೆ ಕಟ್ಟಿಗಿ ಉಬ್ಬಿದ ಮ್ಯಾಲ ತಡಿ ದಾಟಾಕ ಅದಕ್ಕ ಶಕ್ತಿ ಸಾಲಂಗಿಲ್ಲ. ಇಳಿಜಾರಿನ ಮ್ಯಾಲ ಕುಂತ ಬಿಡತೈತಿ. ಹಂಗ ಕುಂತಾಗ ಯಾರ ದೂಡಿದ್ರೂ ತೆರಿತೈತಿ. ನಾ ಬರತೇನಿ" ಎಂದರು ಕಾಕಾ.

ಬಂದು ನೋಡಿದರೆ ಅವರು ಹೇಳಿದ ಹಾಗೆಯೇ ಇತ್ತು. ಹಲಗೆಯ ಕೆಳಅಂಚಿಗೆ ಹಿತ್ತಾಳೆಯ ಪಟ್ಟಿ ಬಡಿದರು, ಇಳಿಜಾರನ್ನು ಅರದಿಂದ ಉಜ್ಜಿ ನುಣುಪು ಮಾಡಿದರು. ಉಜ್ಜುವುದು, ಬಾಗಿಲು ಬಿಡುವುದು, ಅತ್ತೆಯ ಕಡೆ ನೋಡುವುದು. ಅತ್ತೆ ತಲೆ ವಾರೆ ಮಾಡಿ ಕೇಳುವುದು. "ಇನ್ನ ಸ್ವಲ್ಪ ಎಳಿತೈತ್ರಿ." ಮತ್ತೆ ಉಜ್ಜುವುದು. ನನಗೂ ನನ್ನ ಗಂಡನಿಗೂ ಎಲ್ಲ ಸಪ್ಪಳವೂ ಒಂದೇ ಆಗಿ ಕೇಳುತ್ತಿತ್ತು. ಎಂಟನೆಯದೋ ಒಂಬತ್ತನೆಯದೋ ಸಲಕ್ಕೆ ಅತ್ತೆ "ಹಾಂ, ಇದ" ಎಂದರು. ಕಾಕಾ ಅದೇ ಕ್ಷಣಕ್ಕೆ ಅರವನ್ನು ಕೆಳಗಿಟ್ಟರು. ಐವತ್ತು ವರ್ಷ ಬಾಗಿಲು ಮಾಡಿದವರು ಅವರು, ಒಮ್ಮೆಯೂ ತಮ್ಮ ಕಣ್ಣಳತೆಯನ್ನು ಮುಂದೆ ಮಾಡಲಿಲ್ಲ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅತ್ತೆ ಬೆಕ್ಕಿನ ಮೈ ಸವರುವುದು ಬಲಗೈಗೆ ಮರಳಿತು. ಒಂದು ದಿನ ಹಾಗೆ ಸವರುತ್ತಿದ್ದವರು ಕೈ ಹಿಂದೆಗೆದರು. ಕೊರಳಪಟ್ಟಿಗೆ ಏನೋ ಅಂಟಿತ್ತು. ಬಿಡಿಸಿ ನನ್ನ ಅಂಗೈಗೆ ಹಾಕಿದರು. ಎರಡು ಗುಂಡುಪಿನ್ನು, ದರ್ಜಿಯವರು ಬಟ್ಟೆಗೆ ಚುಚ್ಚುವಂಥವು.

ಇಬ್ಬರಿಗೂ ಅರ್ಥವಾಯಿತು. ನಮ್ಮ ಶಿಸ್ತಿನ ಬೆಕ್ಕು ಹಿಂದಿನ ಮನೆಯ ಹೊಲಿಗೆ ಕೋಣೆಗೆ ಹೋಗಿ ಬರುತ್ತಿತ್ತು. ನನಗೆ ನಗು ಬಂತು. ಪಿನ್ನನ್ನು ಡಬ್ಬಿಯಲ್ಲಿ ಹಾಕಿಡೋಣ ಎಂದುಕೊಂಡೆ. ಅತ್ತೆ ನಗಲಿಲ್ಲ.

"ನನ್ನ ಕರ್ಕೊಂಡ ನಡಿ. ಕೊಟ್ಟ ಬರೂನು."

ಬಿದ್ದ ಮೇಲೆ ಅವರು ದವಾಖಾನೆಗೆ ಬಿಟ್ಟರೆ ಮನೆಯ ಹೊರಗೆ ಕಾಲಿಟ್ಟಿರಲಿಲ್ಲ. ನಾನೇ ಕೊಟ್ಟು ಬರುತ್ತೇನೆಂದೆ. "ಬ್ಯಾಡ. ಮಾತ ನನ್ನ ಬೆಕ್ಕಿಂದು" ಎಂದರು. ನನ್ನ ಮೊಣಕೈ ಹಿಡಿದು, ಓಣಿ ಸುತ್ತಿ, ಹಿಂದಿನ ಮನೆಯ ಕಟ್ಟೆ ಹತ್ತಿ, ಅಂಗೈ ಚಾಚಿ ನಿಂತರು.

"ನಿಮ್ಮ ಪಿನ್ನ ತಗೋರಿ. ನಮ್ಮ ಬೆಕ್ಕ ತಂದೈತಿ. ನಿಮ್ಮ ಬೆಕ್ಕಿಗೆ ಅಷ್ಟ ಕೀಲಿ ಹಾಕೇನಿ, ನಮ್ಮದಕ್ಕ ಬುದ್ಧಿ ಹೇಳಿಲ್ಲ. ತಪ್ಪಾತು."

ಆ ಹೆಣ್ಣುಮಗಳು ಪಿನ್ನು ನೋಡಿದರು, ಅತ್ತೆಯನ್ನು ನೋಡಿದರು. ಮಷೀನಿನಿಂದ ಎದ್ದು ಬಂದು ಅವರ ಎರಡೂ ಕೈ ಹಿಡಿದು ಒಳಗೆ ಕೂರಿಸಿದರು. "ನಿಮ್ಮ ಬೆಕ್ಕ ಪಿನ್ನ ಒಯ್ದರ ಒಯ್ಲಿ ಬಿಡ್ರಿ. ಆ ಗಂಡ ಬೆಕ್ಕ ಈಗ ನಿಮ್ಮನಿ ಬಿಟ್ಟ ನಮ್ಮನಿ ಹಿಡದೈತಿ. ಗಿರಾಕಿ ಸೀರಿ ಮ್ಯಾಲ ಮಲಗತೈತಿ. ಆ ಮಿಸ್ತ್ರಿ ನಂಬರ ನನಗೂ ಕೊಡ್ರಿ" ಎಂದರು.

ಕಾಕಾ ಮತ್ತೆ ಬಂದರು. ಬಂದವರು ಮೊದಲು ನಮ್ಮ ಮನೆಗೆ ಬಂದು ಒಂದು ತೊಡಕು ಹೇಳಿದರು. ಎರಡೂ ಮನೆಗೆ ಒಂದೇ ಥರದ ಕೀಲಿ ಮಾಡಿದರೆ ನಮ್ಮ ಬೆಕ್ಕು ಅವರ ಬಾಗಿಲು ತೆಗೆಯುತ್ತದೆ, ಅವರದು ನಮ್ಮದನ್ನು. ಆಯಸ್ಕಾಂತಕ್ಕೆ ಮನೆ ಗೊತ್ತಾಗುವುದಿಲ್ಲ. "ಆ ಬೂದಿ ಬೆಕ್ಕಿನ ನಡತಿ ನಂಗೊತ್ತಿಲ್ರಿ. ಅವ್ವಾರ ಬರಬೇಕಾತು."

ಅತ್ತೆ ಸೆರಗು ಸರಿಪಡಿಸಿಕೊಂಡು ಎದ್ದರು. ಹಿಂದಿನ ಮನೆಯ ಹಿತ್ತಲಲ್ಲಿ ಅವರಿಗೊಂದು ಕುರ್ಚಿ, ಕಾಕಾಗೆ ಒಂದು ಮಣೆ, ಇಬ್ಬರಿಗೂ ಚಹಾ. ಒಂದು ಮುಂಜಾನೆಯೆಲ್ಲ ಇಬ್ಬರೂ ಆ ಬೂದು ಬೆಕ್ಕು ಬಂದು ಹೋಗುವುದನ್ನು ಗಮನಿಸಿದರು, ಒಬ್ಬರು ಕಣ್ಣಿನಿಂದ, ಒಬ್ಬರು ಕಿವಿಯಿಂದ. ಅದು ಗದ್ದ ತಿಕ್ಕುವುದಿಲ್ಲ, ತಲೆ ತಗ್ಗಿಸಿ ಹೆಗಲಿನಿಂದ ದೂಡುತ್ತದೆ ಎಂದು ಇಬ್ಬರೂ ಒಪ್ಪಿದರು. ಹಾಗಾದರೆ ಅದರ ಗುಂಡಿ ಕೊರಳ ಹಿಂದೆ, ಕೀಲಿ ಚೌಕಟ್ಟಿನ ಮೇಲುಪಟ್ಟಿಯಲ್ಲಿ. ನಮ್ಮ ಬೆಕ್ಕಿನ ಗದ್ದ ಅಲ್ಲಿಗೆ ಎಟುಕುವುದಿಲ್ಲ.

ಆ ಬಾಗಿಲು ಕೂರಿಸುವ ದಿನ ನನಗೆ ರಜೆಯಿತ್ತು. ಗೋಡೆಯ ಈಚೆ ಬಟ್ಟೆ ಒಣಹಾಕುತ್ತಿದ್ದೆ. ಆಚೆ ಹೊಲಿಗೆಯ ಹೆಣ್ಣುಮಗಳು, "ಸಾಕ ಬಿಡ್ರಿ ಕಾಕಾ, ಛಲೋ ಐತಿ, ಎಷ್ಟ ಸಲ ಬಡೀತೀರಿ" ಎನ್ನುತ್ತಿದ್ದರು.

"ನೀವ ಸುಮ್ಮ ಇರ್ರಿ. ಅವ್ವಾರು ಇನ್ನ ಹೂಂ ಅಂದಿಲ್ಲ" ಎಂದರು ಕಾಕಾ.

"ಇನ್ನೊಂದ ಸಲ ಬಿಡ್ರಿ" ಎಂದರು ಅತ್ತೆ.